ಪಿಕಪ್ ಬೆಡ್‌ಗೆ ಯಾವ ಲೈನರ್? ಬಳಸಿ, ಬಿಚ್ಚಿ ನೋಡಿದ ಮೇಲೆ ನನ್ನ ಅಭಿಪ್ರಾಯ

ಪಿಕಪ್ಪಿನ ಹಿಂದೆ ಸಾಮಾನು ತುಂಬುವ ತೊಟ್ಟಿಗೆ ಬೆಡ್ ಅಂತಾರೆ, ಅದಕ್ಕೆ ಗೀರು, ತುಕ್ಕು ಆಗದ ಹಾಗೆ ಹಾಕುವ ಹೊದಿಕೆಯೇ ಲೈನರ್. ಮೊದಲೇ ಹೇಳಿಬಿಡುತ್ತೇನೆ. ಗಾಡಿ ಹೊಸದು, ಅದರಲ್ಲಿ ದಿನಾ ಲೋಡ್ ಹೊಡೆಯುವ ಕೆಲಸ ಇದೆ ಅಂತಾದರೆ ಒಳ್ಳೆಯ ಕಡೆ ಸ್ಪ್ರೇ ಲೈನರ್ (ಗನ್ನಲ್ಲಿ ಹೊಡೆದು ತಗಡಿಗೆ ಅಂಟಿಸುವ ಪದರ) ಹಾಕಿಸಿ, ಅದರ ಮೇಲೆ ದಪ್ಪನೆಯ ರಬ್ಬರ್ ಮ್ಯಾಟ್ ಹಾಸಿಬಿಡಿ. ಬೇರೆ ಬೇರೆ ಥರದ ಲೈನರ್ ಬಳಸಿ, ಬಿಚ್ಚಿ, ತೊಳೆದು, ಕೆಳಗೆ ಏನಾಗಿದೆ ಅಂತ ನೋಡಿದ ಮೇಲೆ ನನಗೆ ಸರಿ ಅನ್ನಿಸಿದ್ದು ಇದು. ಆದರೆ ಎಲ್ಲರ ಕೆಲಸವೂ ಒಂದೇ ಥರ ಇರುವುದಿಲ್ಲ ಅಲ್ವಾ, ಅದಕ್ಕೆ ಒಂದೊಂದಾಗಿ ಬರೆಯುತ್ತಿದ್ದೇನೆ.

ಅಂಗಡಿಯಲ್ಲಿ ಲೈನರ್ ತೋರಿಸುವಾಗ ಎಲ್ಲರೂ ಮೇಲ್ಮೈಯನ್ನೇ ತೋರಿಸುತ್ತಾರೆ. ಎಷ್ಟು ದಪ್ಪ ಇದೆ ನೋಡಿ, ಸುತ್ತಿಗೆಯಲ್ಲಿ ಹೊಡೆದರೂ ಏನೂ ಆಗಲ್ಲ ನೋಡಿ, ಅಂತ. ನಾನು ಮಾತ್ರ ಕೇಳುವುದು ಅದರ ಅಡಿಯಲ್ಲಿ ಏನಾಗುತ್ತದೆ ಅಂತ. ಯಾಕೆಂದರೆ ಮೇಲೆ ಬಿದ್ದ ಗೀರು ಕಣ್ಣಿಗೆ ಕಾಣುತ್ತದೆ, ಸರಿಮಾಡಬಹುದು. ಅಡಿಯಲ್ಲಿ ಹಿಡಿದ ತುಕ್ಕು ಕಾಣುವ ಹೊತ್ತಿಗೆ ತಗಡು ತೂತಾಗಿರುತ್ತದೆ.

ಲೈನರ್ ಬೇಕೇ ಬೇಕಾ ಅಂತ ಕೇಳುವವರೂ ಇದ್ದಾರೆ. ಫ್ಯಾಕ್ಟರಿಯಿಂದ ಬರುವ ಪೇಂಟ್, ಪ್ರೈಮರ್ ಎಲ್ಲ ಸೇರಿದರೂ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ, ಅಷ್ಟೇ. ಒಂದು ಲೋಡ್ ಜಲ್ಲಿ ತುಂಬಿ, ಸಲಿಕೆಯಲ್ಲಿ ಕೆರೆದು ಇಳಿಸಿದರೆ ಪೇಂಟ್ ದಾಟಿ ತಗಡು ಹೊಳೆಯುತ್ತದೆ. ಆಮೇಲೆ ಮಳೆ, ಮಣ್ಣು, ಉಪ್ಪು, ಗೊಬ್ಬರ, ಇವೆಲ್ಲ ಅಲ್ಲಿಂದ ಒಳಗೆ ಇಳಿಯುತ್ತವೆ. ಗೊಬ್ಬರದ ಚೀಲ ಸಾಗಿಸುವವರು ಇದನ್ನು ಇನ್ನೂ ಗಂಭೀರವಾಗಿ ತಗೊಳ್ಳಬೇಕು, ಸೋರಿದ ಗೊಬ್ಬರಕ್ಕೆ ತೇವ ತಾಗಿದರೆ ತುಕ್ಕು ಬಹಳ ಬೇಗ ಹಬ್ಬುತ್ತದೆ. ನಿಮ್ಮ ಬೆಡ್ ಯಾವುದರಿಂದ ಮಾಡಿದ್ದು ಅಂತಲೂ ನೋಡಿಕೊಳ್ಳಿ. ಟೊಯೋಟಾ ಟಕೋಮಾದಲ್ಲಿ 2005ರಿಂದ ಬೆಡ್ಡಿನ ಒಳಭಾಗ ಕಾಂಪೋಸಿಟ್, ಅಂದರೆ ನಾರು ಸೇರಿಸಿ ಗಟ್ಟಿ ಮಾಡಿದ ಪ್ಲಾಸ್ಟಿಕ್, ಅದು ತುಕ್ಕು ಹಿಡಿಯುವುದೇ ಇಲ್ಲ. ಫೋರ್ಡ್ ಎಫ್-150ಕ್ಕೆ 2015ರ ಮಾಡೆಲ್‌ನಿಂದ ಅಲ್ಯೂಮಿನಿಯಂ ಬಾಡಿ ಬಂತು, ಅದಕ್ಕೆ ಕೆಂಪು ತುಕ್ಕಿನ ಭಯ ಇಲ್ಲ, ಆದರೆ ಕಲ್ಲು ಬಿದ್ದರೆ ನೆಗ್ಗುತ್ತದೆ. ಹಾಗಾಗಿ ಉಕ್ಕಿನ ಬೆಡ್‌ಗೆ ತುಕ್ಕಿನಿಂದ ಕಾಪಾಡುವುದು ಮುಖ್ಯ, ಅಲ್ಯೂಮಿನಿಯಂಗೆ ಪೆಟ್ಟಿನಿಂದ ಕಾಪಾಡುವುದು ಮುಖ್ಯ.

ಈಗ ಡ್ರಾಪ್-ಇನ್ ಲೈನರ್. ಅಂದರೆ ಬೆಡ್ಡಿನ ಆಕಾರಕ್ಕೇ ಅಚ್ಚು ಹಾಕಿದ ಗಟ್ಟಿ ಪ್ಲಾಸ್ಟಿಕ್ ತೊಟ್ಟಿ, ತಂದು ಕೂರಿಸಿ ಸ್ಕ್ರೂ ಅಥವಾ ಕ್ಲಿಪ್ ಹಾಕಿದರೆ ಮುಗಿಯಿತು. ಹೆಚ್ಚಿನವು ಎಚ್‌ಡಿಪಿಇ, ನೀರಿನ ಕ್ಯಾನ್, ಡ್ರಮ್ಮು ಮಾಡುವ ಅದೇ ಪ್ಲಾಸ್ಟಿಕ್. ಇದರ ಒಳ್ಳೆಯ ಗುಣವನ್ನು ಮೊದಲು ಹೇಳಬೇಕು. ಪೆಟ್ಟು ತಡೆಯುವುದರಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಅದರ ಏಣುಗಳು ತಗಡಿನಿಂದ ಸ್ವಲ್ಪ ಮೇಲೆ ನಿಂತಿರುವುದರಿಂದ ದೊಡ್ಡ ಕಲ್ಲು ಎತ್ತಿ ಹಾಕಿದರೂ ಪೆಟ್ಟು ಹರಡಿಕೊಳ್ಳುತ್ತದೆ, ತಗಡು ನೆಗ್ಗುವುದು ಕಡಿಮೆ. ಮರಳು, ಜಲ್ಲಿ, ಮಣ್ಣು ಇಳಿಸುವವರಿಗೆ ಇದು ಸುಖ, ಸಲಿಕೆ ಜಾರಿಕೊಂಡು ಹೋಗುತ್ತದೆ, ಗುಡಿಸಿದರೆ ಒಂದು ಕಣ ಉಳಿಯುವುದಿಲ್ಲ. ಒಡೆದು ಹೋದರೆ ತೆಗೆದು ಬೇರೆ ಹಾಕಬಹುದು.

ತೊಂದರೆ ಎರಡು. ಒಂದು, ಜಾರುವುದು. ಸಲಿಕೆ ಜಾರುವ ಅದೇ ಗುಣದಿಂದ ಪೆಟ್ಟಿಗೆ, ಸಿಲಿಂಡರ್, ಜನರೇಟರ್ ಎಲ್ಲವೂ ಜಾರುತ್ತವೆ. ಬ್ರೇಕ್ ಹಾಕಿದಾಗಲೆಲ್ಲ ಮುಂದೆ ಹೋಗಿ ಕ್ಯಾಬಿನ್ ಕಡೆಯ ಗೋಡೆಗೆ ಡಿಕ್ಕಿ ಹೊಡೆಯುತ್ತವೆ. ಮಳೆ ಬಂದರಂತೂ ಅದರ ಮೇಲೆ ನಿಂತು ಲೋಡ್ ಇಳಿಸುವವರಿಗೆ ಅಪಾಯ. ಒದ್ದೆ ಚಪ್ಪಲಿ ಹಾಕಿಕೊಂಡು ಯಾರನ್ನೂ ಅದರ ಮೇಲೆ ಹತ್ತಿಸಬೇಡಿ.

ಎರಡನೆಯದು ಅಡಿಯ ವಿಷಯ. ಈ ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಒಂದೂವರೆ ಮೀಟರ್ ಉದ್ದದ ಲೈನರ್, ಬೆಳಗಿನ ತಂಪಿಗೂ ಮಧ್ಯಾಹ್ನದ ಸುಡುಬಿಸಿಲಿಗೂ ನಡುವೆ 40 ಡಿಗ್ರಿ ವ್ಯತ್ಯಾಸ ಇದ್ದರೆ, ಹತ್ತಿರ ಹತ್ತಿರ 1 ಸೆಂಟಿಮೀಟರ್ ಹಿಗ್ಗುತ್ತದೆ. ಅದರ ಕೆಳಗಿನ ಉಕ್ಕು ಅಷ್ಟೇ ಬಿಸಿಗೆ 1 ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಅಂದರೆ ಗಾಡಿ ನಿಂತಲ್ಲೇ ನಿಂತಿದ್ದರೂ ಲೈನರ್ ದಿನಾ ಪೇಂಟಿನ ಮೇಲೆ ಹರಿದಾಡುತ್ತಿರುತ್ತದೆ. ಓಡುವಾಗಿನ ಅದುರುವಿಕೆ ಬೇರೆ. ಅಂಚಿನಿಂದ ಇಳಿದ ನುಣ್ಣನೆಯ ಧೂಳು ಮಧ್ಯೆ ಸೇರಿಕೊಂಡರೆ ಎಮರಿ ಪೇಪರ್ ಇಟ್ಟು ಉಜ್ಜಿದ ಹಾಗೆಯೇ.

ಹಳೇ ಡ್ರಾಪ್-ಇನ್ ಒಂದನ್ನು ಎತ್ತಿ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಸ್ಕ್ರೂ ಬಿಚ್ಚಿ, ಇಬ್ಬರು ಹಿಡಿದು ಹಿಂದಕ್ಕೆ ಎಳೆದರೆ ಮೊದಲು ಬರುವುದು ಕೊಳೆತ ಎಲೆಯ ವಾಸನೆ. ಮುಂದಿನ ಎರಡು ಮೂಲೆಯಲ್ಲಿ ಕಪ್ಪನೆಯ ಕೆಸರು ಗಟ್ಟಿಯಾಗಿ ಕೂತಿರುತ್ತದೆ, ಬೆರಳಲ್ಲಿ ಕೆದಕಿದರೆ ಒಳಗೆ ಇನ್ನೂ ಹಸಿ. ಏಣುಗಳು ತಗಡಿಗೆ ತಾಗಿದ್ದ ಕಡೆ ಉದ್ದುದ್ದ ಪಟ್ಟೆ, ಆ ಪಟ್ಟೆಯಲ್ಲಿ ಬಣ್ಣ ಹೋಗಿ ಬೂದು ಪ್ರೈಮರ್, ಅದರ ಮಧ್ಯೆ ಕಿತ್ತಳೆ ಚುಕ್ಕೆಗಳು. ಸ್ಕ್ರೂ ಹಾಕಲು ಕೊರೆದ ತೂತುಗಳ ಸುತ್ತ ತಗಡು ಉಬ್ಬಿರುತ್ತದೆ, ಉಗುರು ತಾಗಿಸಿದರೆ ಪದರ ಪದರವಾಗಿ ಏಳುತ್ತದೆ. ಮೇಲಿನಿಂದ ಲೈನರ್ ನೋಡಿದರೆ ನಿನ್ನೆ ತಂದ ಹಾಗೆ ಇರುತ್ತದೆ!

ಅದಕ್ಕೇ ಡ್ರಾಪ್-ಇನ್ ಹಾಕಿಸುವವರು ಕೊರೆಯದೇ ಕ್ಲಿಪ್ಪಲ್ಲಿ ಕೂರುವಂಥದ್ದನ್ನೇ ತಗೊಳ್ಳಿ. ಕೊರೆಯಲೇಬೇಕಾದರೆ ಪ್ರತಿ ತೂತಿನ ಅಂಚಿಗೂ ಪ್ರೈಮರ್ ಹಚ್ಚಿಸಿ, ನಿಂತು ನೋಡಿ ಹಚ್ಚಿಸಿ. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಎತ್ತಿ ತೊಳೆದು, ಪೂರ್ತಿ ಒಣಗಿಸಿ ಮತ್ತೆ ಕೂರಿಸಿ. ಇಷ್ಟು ಮಾಡುವ ಪುರುಸೊತ್ತು ಇದ್ದರೆ ಇದು ಕೆಟ್ಟ ಲೈನರ್ ಅಲ್ಲವೇ ಅಲ್ಲ. ಇಲ್ಲದಿದ್ದರೆ ಬೇಡ.

ಸ್ಪ್ರೇ ಲೈನರ್ ವಿಷಯಕ್ಕೆ ಬರೋಣ, ಇಲ್ಲಿ ಹೇಳುವುದು ಜಾಸ್ತಿ ಇದೆ. ಲೈನ್-ಎಕ್ಸ್, ರೈನೋ ಲೈನಿಂಗ್ಸ್ ಅಂತ ಕೇಳಿರುತ್ತೀರಲ್ಲ, ಆ ಥರದ್ದು. ಎರಡು ದ್ರವ ಇರುತ್ತವೆ, ಹೆಚ್ಚಿನ ಕಡೆ ಎರಡನ್ನೂ ಬಿಸಿ ಮಾಡಿ, ಭಾರೀ ಒತ್ತಡದಲ್ಲಿ ಗನ್ನಿನ ತುದಿಯಲ್ಲಿ ಕೂಡಿಸಿ ಬೆಡ್ ಮೇಲೆ ಸಿಡಿಸುತ್ತಾರೆ. ಆ ಮಾಲು ಪಾಲಿಯೂರಿಯ ಅನ್ನುವ ಥರದ್ದಾದರೆ ಕೆಲವೇ ಸೆಕೆಂಡಲ್ಲಿ ಗಟ್ಟಿಯಾಗುತ್ತದೆ. ಪಾಲಿಯುರಿಥೇನ್ ಆದರೆ ಸ್ವಲ್ಪ ನಿಧಾನ, ಮತ್ತೆ ಅದಕ್ಕೆ ತೇವ ಆಗಿಬರುವುದಿಲ್ಲ. ಗಾಳಿಯಲ್ಲಿ ಅಥವಾ ತಗಡಿನ ಮೇಲೆ ಪಸೆ ಇದ್ದರೆ ಅದರಲ್ಲಿರುವ ಐಸೋಸಯನೇಟ್ ಅನ್ನುವ ರಾಸಾಯನಿಕ ನೀರಿನ ಜೊತೆ ಸೇರಿ ಗ್ಯಾಸ್ ಬಿಡುತ್ತದೆ, ಪದರದೊಳಗೆ ಗುಳ್ಳೆ ಏಳುತ್ತದೆ. ಧೋ ಅಂತ ಮಳೆ ಸುರಿಯುವ ದಿನ ತೆರೆದ ಶೆಡ್ಡಲ್ಲಿ ಈ ಕೆಲಸ ಮಾಡುತ್ತೇನೆ ಅನ್ನುವವರ ಹತ್ತಿರ ಗಾಡಿ ಬಿಡಬೇಡಿ.

ಗಟ್ಟಿತನದಲ್ಲೂ ವ್ಯತ್ಯಾಸ ಇದೆ. ಕೆಲವು ಉಗುರು ಒತ್ತಿದರೆ ಗುರುತೇ ಬೀಳದಷ್ಟು ಗಟ್ಟಿ, ಕೆಲವು ಟೈರಿನ ಹಾಗೆ ಸ್ವಲ್ಪ ಮೆತ್ತಗೆ. ಗಟ್ಟಿ ಇರುವುದು ಕಬ್ಬಿಣದ ಪೈಪು, ಆಂಗಲ್ ಎಳೆದಾಡಿದರೂ ಹರಿಯುವುದಿಲ್ಲ, ಆದರೆ ಸಾಮಾನು ಸ್ವಲ್ಪ ಜಾರುತ್ತದೆ. ಮೆತ್ತಗಿರುವುದು ಸಾಮಾನನ್ನು ಹಿಡಿದುಕೊಳ್ಳುತ್ತದೆ, ಪೆಟ್ಟನ್ನೂ ಸ್ವಲ್ಪ ನುಂಗುತ್ತದೆ, ಆದರೆ ಚೂಪಾದ ಅಂಚು ಬಿದ್ದರೆ ಸೀಳಬಹುದು. ಅಂಗಡಿಯಲ್ಲಿ ಸ್ಯಾಂಪಲ್ ತುಂಡು ಇರುತ್ತದೆ, ಕೈಗೆ ತಗೊಂಡು ಬಗ್ಗಿಸಿ ನೋಡಿ, ಗಾಡಿಯ ಕೀ ತಗೊಂಡು ಜೋರಾಗಿ ಗೀಚಿ ನೋಡಿ. ಅವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ದಪ್ಪ ಎಷ್ಟಿರಬೇಕು? ನೆಲಕ್ಕೆ 3 ಮಿಲಿಮೀಟರ್ ಹತ್ತಿರ ಇರಲಿ, ಪಕ್ಕದ ಗೋಡೆಗಳಿಗೆ ಅದರ ಅರ್ಧ ಸಾಕು. ಮೀಟರ್ ಇಟ್ಟು ನೋಡಲು ಆಗದಿದ್ದರೂ ಒಂದು ಲೆಕ್ಕ ಇದೆ. ಮಧ್ಯಮ ಅಳತೆಯ ಬೆಡ್ಡಿನ ನೆಲ, ಮೂರು ಗೋಡೆ, ಟೇಲ್‌ಗೇಟ್ (ಹಿಂದಿನ ಬಾಗಿಲು) ಎಲ್ಲ ಸೇರಿಸಿದರೆ ಐದೂವರೆ ಚದರ ಮೀಟರ್ ಆಸುಪಾಸು ಬರುತ್ತದೆ. ಎಲ್ಲ ಕಡೆ 3 ಮಿಲಿಮೀಟರ್ ಹೊಡೆದರೆ ಹದಿನಾರು ಹದಿನೇಳು ಲೀಟರ್ ಮಾಲು ಬೇಕು, ಗೋಡೆಗೆ ತೆಳುವಾಗಿ ಹೊಡೆದರೆ ಹನ್ನೆರಡರ ಹತ್ತಿರ. ಮೂರು ನಾಲ್ಕು ಲೀಟರಲ್ಲಿ ಮುಗಿಸುತ್ತೇವೆ ಅನ್ನುವವರು ಹೊಡೆಯುವುದು ಲೈನರ್ ಅಲ್ಲ, ದಪ್ಪ ಪೇಂಟ್. ನಿಮ್ಮ ಗಾಡಿಗೆ ಎಷ್ಟು ಮಾಲು ಹೋಗುತ್ತದೆ ಅಂತ ನೇರವಾಗಿ ಕೇಳಿ, ಕೆಲಸ ಗೊತ್ತಿರುವವರು ತಡವರಿಸದೆ ಹೇಳುತ್ತಾರೆ.

ಇಷ್ಟೆಲ್ಲ ಇದ್ದರೂ ಸ್ಪ್ರೇ ನಿಲ್ಲುವುದು ಬಿಡುವುದು ಗನ್ ಹಿಡಿಯುವ ಮೊದಲೇ ತೀರ್ಮಾನ ಆಗಿರುತ್ತದೆ. ತಗಡಿನ ಹೊಳಪು ಪೂರ್ತಿ ಹೋಗುವ ತನಕ ಉಜ್ಜಬೇಕು, ಮೂಲೆ, ಏಣಿನ ಸಂದು, ಬೋಲ್ಟ್ ತಲೆಯ ಸುತ್ತ ಎಲ್ಲ ಕಡೆ. ಆಮೇಲೆ ಧೂಳು ಊದಿ, ಸಾಲ್ವೆಂಟಲ್ಲಿ ಒರೆಸಿ, ಬಟ್ಟೆಗೆ ಕೊಳೆ ಹತ್ತುವುದು ನಿಲ್ಲುವವರೆಗೆ ಮತ್ತೆ ಒರೆಸಬೇಕು. ವ್ಯಾಕ್ಸ್ ಅಥವಾ ಎಣ್ಣೆಯ ಜಿಡ್ಡು ಒಂದು ಕಡೆ ಉಳಿದರೂ ಅಲ್ಲಿ ಹಿಡಿಯುವುದಿಲ್ಲ. ನಮ್ಮ ಹಿಂದಿನ ಗಾಡಿಗೆ ಒಬ್ಬರು ಹೊಡೆದುಕೊಟ್ಟಿದ್ದರು, ಮೇಲಿನಿಂದ ನೋಡಿದರೆ ಏನೂ ಹೇಳುವ ಹಾಗಿರಲಿಲ್ಲ. ಆದರೆ ಕೊಂಡಿಗಳನ್ನು ಬಿಚ್ಚದೆ ಅದರ ಮೇಲೇ ಹೊಡೆದಿದ್ದರು. ಹಗ್ಗ ಕಟ್ಟಿ ಎಳೆದಾಗ ಕೊಂಡಿ ಅಲ್ಲಾಡಿ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು, ಅದರೊಳಗೆ ನೀರು ಇಳಿಯಿತು. ಸ್ವಲ್ಪ ದಿನಕ್ಕೆ ಅಂಗೈಯಗಲ ಪದರ ತಗಡು ಬಿಟ್ಟು ಗಾಳಿ ತುಂಬಿದ ಹಾಗೆ ಎದ್ದಿತ್ತು. ಹೋಗಿ ಕೇಳಿದರೆ ವಾರಂಟಿ ಸಿಪ್ಪೆ ಏಳುವುದಕ್ಕೆ ಇದೆ, ಕೊಂಡಿಯ ಹತ್ತಿರ ಆಗಿದ್ದಕ್ಕೆ ಇಲ್ಲ ಅಂದರು. ತುಂಬಾ ಸಿಟ್ಟು ಬಂತು ನನಗೆ. ಆ ಕೊಂಡಿಗೆ ಇರುವುದೇ ಎರಡು ಬೋಲ್ಟು, ಬಿಚ್ಚಿ ಹಾಕಲು ಎಷ್ಟು ಹೊತ್ತು ಬೇಕು ಹೇಳಿ?

ಹಾಗಾಗಿ ಗಾಡಿ ಬಿಡುವ ಮೊದಲು ಇದನ್ನೆಲ್ಲ ಮಾತಾಡಿಕೊಳ್ಳಿ. ಕೊಂಡಿ, ಟೇಲ್‌ಗೇಟಿನ ಮುಚ್ಚಳ ಬಿಚ್ಚುತ್ತಾರಾ, ನೀರು ಹೋಗುವ ತೂತು ಮುಚ್ಚದ ಹಾಗೆ ನೋಡಿಕೊಳ್ಳುತ್ತಾರಾ, ಬೆಡ್ಡನ್ನು ಚಾಸಿಗೆ ಹಿಡಿದಿರುವ ಬೋಲ್ಟ್ ತಲೆಗಳನ್ನು ಏನು ಮಾಡುತ್ತಾರೆ. ಕೊನೆಯದ್ದನ್ನು ಯಾರೂ ಕೇಳುವುದಿಲ್ಲ. ಮುಂದೆ ಯಾವತ್ತಾದರೂ ಫ್ಯುಯೆಲ್ ಪಂಪ್ ಕೆಲಸಕ್ಕೆ ಬೆಡ್ ಎತ್ತಬೇಕಾಗಿ ಬಂದರೆ ಆ ಬೋಲ್ಟ್ ಸಿಗಲು ಲೈನರ್ ಕೊಯ್ಯಬೇಕಾಗುತ್ತದೆ.

ಅಂಚು ಹೇಗೆ ಮುಗಿಸುತ್ತಾರೆ ಅಂತಲೂ ಕೇಳಿ. ಸರಿಯಾದ ಕಡೆ ತಂತಿ ಇರುವ ಟೇಪ್ ಅಂಟಿಸಿ, ಸ್ಪ್ರೇ ಪೂರ್ತಿ ಗಟ್ಟಿಯಾಗುವ ಮೊದಲು ತಂತಿ ಎಳೆಯುತ್ತಾರೆ, ಗೆರೆ ಹೊಡೆದ ಹಾಗೆ ಅಂಚು ಬರುತ್ತದೆ. ಕೆಲವರು ಒಣಗಿದ ಮೇಲೆ ಚಾಕುವಲ್ಲಿ ಕೊಯ್ಯುತ್ತಾರೆ. ಚಾಕು ಲೈನರ್ ಜೊತೆ ಪೇಂಟನ್ನೂ ಕೊಯ್ಯುತ್ತದೆ, ಅದೇ ಗೆರೆಯಲ್ಲಿ ತುಕ್ಕು ಶುರು. ಗಾಡಿ ವಾಪಸ್ ತಗೊಳ್ಳುವಾಗ ಅಂಚಿನ ಉದ್ದಕ್ಕೂ ಉಗುರು ಓಡಿಸಿ ನೋಡಿ. ಎಲ್ಲಾದರೂ ಉಗುರು ಒಳಗೆ ಹೋದರೆ ಅಲ್ಲೇ ತೋರಿಸಿ, ಅವತ್ತೇ ಸರಿಮಾಡಿಸಿ.

ಕವರ್ ಅಥವಾ ಕೆನೊಪಿ (ಬೆಡ್ ಮೇಲೆ ಕೂರಿಸುವ ಗೂಡಿನಂಥ ಮುಚ್ಚಿಗೆ) ಹಾಕುವ ಯೋಚನೆ ಇದ್ದರೆ ಬೆಡ್ಡಿನ ಮೇಲಂಚಿಗೆ ದಪ್ಪ ಸ್ಪ್ರೇ ಬೇಡ, ಅದರ ಕೆಳಗೇ ನಿಲ್ಲಿಸಿ. ತರಿತರಿ ಮೈ ಮೇಲೆ ಕವರಿನ ರಬ್ಬರ್ ಸರಿಯಾಗಿ ಕೂರುವುದಿಲ್ಲ, ನೀರು ಒಳಗೆ ಬರುತ್ತದೆ. ಕವರ್ ಇಲ್ಲದವರು ಮೇಲಂಚಿಗೂ ಹೊಡೆಸಿ, ಏಣಿ, ಪೈಪು ಒರಗಿಸಿ ಮೊದಲು ಗೀರು ಬೀಳುವುದೇ ಅಲ್ಲಿ.

ಬಿಸಿಲಿಗೆ ಬಣ್ಣ ಹೋಗುತ್ತದಾ? ಮಾಮೂಲಿ ಮಾಲು ಅರೋಮ್ಯಾಟಿಕ್ ಅನ್ನುವ ಥರದ್ದು, ಅದರ ಬಣ್ಣ ಹೋಗುತ್ತದೆ, ಕಪ್ಪು ಇದ್ದದ್ದು ಬೂದು ಆಗುತ್ತದೆ, ಕೈ ಸವರಿದರೆ ಸುಣ್ಣದ ಹಾಗೆ ಪುಡಿ ಹತ್ತುತ್ತದೆ. ಅಲಿಫ್ಯಾಟಿಕ್ ಅನ್ನುವುದು ಬಣ್ಣ ಉಳಿಸಿಕೊಳ್ಳುತ್ತದೆ, ದುಬಾರಿ. ಕೆಲಸದ ಗಾಡಿಗೆ ಬಣ್ಣದ ಚಿಂತೆ ಅಷ್ಟೊಂದು ಬೇಡ ಅನ್ನುವುದು ನನ್ನ ಅಭಿಪ್ರಾಯ, ಬಣ್ಣ ಮಾಸಿದರೆ ರಕ್ಷಣೆ ಹೋಯಿತು ಅಂತ ಅಲ್ಲ. ಚೆಂದ ಇರಲೇಬೇಕು ಅನ್ನುವವರು ಯುವಿ ತಡೆಯುವ ಟಾಪ್ ಕೋಟ್ ಹಾಕಿಸಿಕೊಳ್ಳಿ. ಹೊಳಪಿಗೆ ಸಿಲಿಕೋನ್ ಪಾಲಿಶ್ ಮಾತ್ರ ಹಚ್ಚಬೇಡಿ, ಬೆಡ್ ಜಾರುತ್ತದೆ, ಮುಂದೆ ರಿಪೇರಿಗೆ ಪ್ಯಾಚ್ ಹೊಡೆದರೆ ಹಿಡಿಯುವುದೂ ಇಲ್ಲ.

ಸ್ಪ್ರೇಯ ನಿಜವಾದ ಕೊರತೆ ಅಂದರೆ ಅದು ನೆಗ್ಗುವುದನ್ನು ತಡೆಯುವುದಿಲ್ಲ. 3 ಮಿಲಿಮೀಟರ್ ಪದರ ಗೀರು ತಡೆಯುತ್ತದೆ, ತುಕ್ಕು ತಡೆಯುತ್ತದೆ, ಆದರೆ ಇಂಜಿನ್ ಬ್ಲಾಕ್ ಕೈಜಾರಿ ಬಿದ್ದರೆ ತಗಡು ಬಗ್ಗುತ್ತದೆ, ಲೈನರೂ ಅದರ ಜೊತೆಗೇ ಬಗ್ಗುತ್ತದೆ. ಮತ್ತೆ ತರಿತರಿಯಾಗಿರುವುದರಿಂದ ಮೊಣಕಾಲೂರಿ ಒಳಗೆ ಹೋಗಿ ಕೆಲಸ ಮಾಡುವಾಗ ಚರ್ಮ ಕಿತ್ತು ಬರುತ್ತದೆ. ಪೇಂಟ್ ಮಾಡಿದ ಫರ್ನಿಚರ್ ಎಳೆದರೆ ಅದಕ್ಕೂ ಗೀರು.

ಇಲ್ಲೇ ರಬ್ಬರ್ ಮ್ಯಾಟ್ ಬೇಕಾಗುವುದು. 8ರಿಂದ 10 ಮಿಲಿಮೀಟರ್ ದಪ್ಪದ, ಅಡಿಯಲ್ಲಿ ಸಣ್ಣ ಸಣ್ಣ ಗುಬುಟು ಇರುವ ಮ್ಯಾಟ್ ತಗೊಳ್ಳಿ, ಆ ಗುಬುಟುಗಳ ಮಧ್ಯೆ ನೀರು ಹರಿದು ಹೋಗುತ್ತದೆ. ಪೆಟ್ಟು ನುಂಗುತ್ತದೆ, ಸಾಮಾನು ಇಟ್ಟಲ್ಲೇ ಇರುತ್ತದೆ, ಮೊಣಕಾಲಿಗೂ ಹಿತ. ಭಾರ ಇರುತ್ತದೆ, ಒಬ್ಬರೇ ಎತ್ತುವುದು ಕಷ್ಟ, ಸುರುಳಿ ಸುತ್ತಿ ಎಳೆಯಬೇಕು. ಬರೀ ಮ್ಯಾಟ್ ಮಾತ್ರ ಸಾಕಾಗುವವರೂ ಇದ್ದಾರೆ, ವಾರಕ್ಕೊಮ್ಮೆ ಏನಾದರೂ ಸಾಗಿಸುವವರು, ಮನೆ ಸಾಮಾನು, ಸೈಕಲ್ಲು, ಅಷ್ಟೇ ಆದರೆ ಸ್ಪ್ರೇಗೆ ಹೋಗುವುದೇ ಬೇಡ. ಆದರೆ ಗೋಡೆಗಳಿಗೆ ರಕ್ಷಣೆ ಇರುವುದಿಲ್ಲ, ಮತ್ತೆ ಪೇಂಟಿನ ಮೇಲೆ ನೇರವಾಗಿ ಹಾಸಿದರೆ ಆಗಾಗ ಎತ್ತಿ ಒಣಗಿಸಬೇಕು. ಡೀಸೆಲ್, ಆಯಿಲ್ ಚೆಲ್ಲಿದರೆ ಕೂಡಲೇ ತೊಳೆಯಿರಿ, ಮಾಮೂಲಿ ರಬ್ಬರ್ ಅದನ್ನು ಕುಡಿದು ಉಬ್ಬುತ್ತದೆ.

ಕಾರ್ಪೆಟ್ ಥರದ್ದು, ಬೆಡ್‌ರಗ್ ಅಂತ ಬರುತ್ತದಲ್ಲ, ಅದು ಕೆನೊಪಿ ಹಾಕಿ ಒಳಗೆ ಮಲಗುವವರಿಗೆ, ನಾಯಿ ಕರೆದುಕೊಂಡು ಹೋಗುವವರಿಗೆ ಬಹಳ ಚೆನ್ನಾಗಿದೆ. ಪ್ಲಾಸ್ಟಿಕ್ ನೂಲು, ಒಳಗೆ ಫೋಮ್, ನೀರು ಹೀರುವುದಿಲ್ಲ. ಮಣ್ಣು, ಜಲ್ಲಿ, ಬಿಸಿ ಕಬ್ಬಿಣದ ಕೆಲಸಕ್ಕೆ ಅಲ್ಲ.

ನಾವೇ ಹಚ್ಚಿಕೊಳ್ಳಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಹಚ್ಚಬಹುದು. ಹರ್ಕ್ಯುಲೈನರ್, ರಾಪ್ಟರ್ ಅಂತ ಬ್ರ್ಯಾಂಡ್‌ಗಳಿವೆ. ಹರ್ಕ್ಯುಲೈನರ್ ರೋಲರಲ್ಲಿ ಹಚ್ಚುವುದು, ರಬ್ಬರ್ ಹರಳು ಬೆರೆಸಿರುತ್ತದೆ. ರಾಪ್ಟರ್ 3 ಪಾಲಿಗೆ 1 ಪಾಲು ಹಾರ್ಡ್‌ನರ್ (ಗಟ್ಟಿಯಾಗಿಸುವ ದ್ರವ) ಸೇರಿಸಿ ಕಂಪ್ರೆಸರ್ ಗನ್ನಲ್ಲಿ ಹೊಡೆಯುವುದು. ಮೆಷಿನ್ ಸ್ಪ್ರೇಯಷ್ಟು ದಪ್ಪ ಬರುವುದಿಲ್ಲ, ಆದರೂ ತಾಳ್ಮೆಯಿಂದ ಉಜ್ಜಿ ಹಚ್ಚಿದರೆ ಹಗುರ ಕೆಲಸದ ಗಾಡಿಗೆ ಧಾರಾಳ ಸಾಕು. ಹಳೇ ಗಾಡಿಗಂತೂ ಇದೇ ಒಳ್ಳೆಯದು, ತುಕ್ಕು ಕೆರೆದು, ಪ್ರೈಮರ್ ಹೊಡೆದು, ಮೇಲೆ ಇದನ್ನು ಹಚ್ಚಬಹುದು. ತುಕ್ಕಿನ ಮೇಲೇ ಹಚ್ಚಿ ಮುಚ್ಚಿಬಿಡೋಣ ಅಂದುಕೊಳ್ಳಬೇಡಿ, ಒಳಗೆ ಅದು ತಿನ್ನುತ್ತಲೇ ಇರುತ್ತದೆ.

ಆದರೆ ದಯವಿಟ್ಟು ಒಂದು ಮಾತು ಕೇಳಿ. ಈ ಮಾಲಿನಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಒಮ್ಮೆ ಮೈಗೆ ಅದರ ಅಲರ್ಜಿ ಹತ್ತಿಕೊಂಡರೆ ಆಮೇಲೆ ಚೂರೇ ಚೂರು ತಾಗಿದರೂ ಉಬ್ಬಸ ಬರಬಹುದು. ವಾಸನೆ ಬರುತ್ತಿಲ್ಲ, ಹಾಗಾಗಿ ಏನೂ ಆಗಲ್ಲ ಅಂತ ಲೆಕ್ಕ ಹಾಕುವ ಹಾಗಿಲ್ಲ, ವಾಸನೆ ಗೊತ್ತಾಗುವ ಮೊದಲೇ ಅದು ಅಪಾಯದ ಮಟ್ಟ ದಾಟಿರಬಹುದು. ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಬಾಗಿಲು ಹಾಕಿದ ಶೆಡ್ಡಲ್ಲಿ ಗನ್ ಹಿಡಿಯುವವರನ್ನು ನೋಡಿದರೆ ಭಯವಾಗುತ್ತದೆ. ಗನ್ನಲ್ಲಿ ಹೊಡೆಯುವುದಾದರೆ ಹೊರಗಿನ ಗಾಳಿ ಪೈಪಲ್ಲಿ ಬರುವ ಮಾಸ್ಕ್ ಬೇಕು, ಕೈಗವಸು, ಕನ್ನಡಕ, ಪೂರ್ತಿ ತೋಳಿನ ಬಟ್ಟೆ ಬೇಕು. ಅಷ್ಟು ಏರ್ಪಾಡು ಇಲ್ಲದಿದ್ದರೆ ರೋಲರಲ್ಲಿ, ಬಯಲಲ್ಲಿ, ಡಬ್ಬದ ಮೇಲೆ ಬರೆದಿರುವ ಮಾಸ್ಕ್ ಹಾಕಿಕೊಂಡೇ ಹಚ್ಚಿ, ಮಕ್ಕಳು ಆ ಕಡೆ ಬರದ ಹಾಗೆ ನೋಡಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಪಿಕಪ್ ನೋಡಲು ಹೋದಾಗ ಡ್ರಾಪ್-ಇನ್ ಇದ್ದರೆ ಎತ್ತಿಸಿ ನೋಡದೆ ಮಾತು ಮುಗಿಸಬೇಡಿ. ಸ್ಪ್ರೇ ಇದ್ದರೆ ಗಾಡಿಯ ಅಡಿಗೆ ಮಲಗಿ ಟಾರ್ಚ್ ಬಿಟ್ಟು ಬೆಡ್ಡಿನ ತಳ ನೋಡಿ, ಹೊಸದಾಗಿ ಸ್ಪ್ರೇ ಮಾಡಿಸಿದ ಹಳೇ ಗಾಡಿಯನ್ನಂತೂ ಎರಡೆರಡು ಸಲ ನೋಡಿ.

ಇನ್ನೊಂದು ವಿಷಯ, ಪ್ಲಾಸ್ಟಿಕ್ ಲೈನರ್ ಇರುವವರಿಗೆಲ್ಲ. ಪೆಟ್ರೋಲ್ ಕ್ಯಾನನ್ನು ಬೆಡ್ ಮೇಲೇ ಇಟ್ಟು ತುಂಬಿಸಬೇಡಿ. ಪ್ಲಾಸ್ಟಿಕ್ ಮೇಲೆ ಕೂತ ಕ್ಯಾನಿನಲ್ಲಿ ಸೇರಿಕೊಳ್ಳುವ ಸ್ಟ್ಯಾಟಿಕ್ ಕರೆಂಟು ನೆಲಕ್ಕೆ ಇಳಿಯಲು ದಾರಿ ಇರುವುದಿಲ್ಲ, ನಳಿಕೆ ಹತ್ತಿರ ಬಂದಾಗ ಕಿಡಿ ಹಾರಬಹುದು. ಲೋಹದ ಕ್ಯಾನ್ ಆದರೆ ಇನ್ನೂ ಅಪಾಯ. ಹೀಗೆ ಬೆಂಕಿ ಹೊತ್ತಿಕೊಂಡ ಘಟನೆಗಳಾದ ಮೇಲೆ ಅಮೆರಿಕದ ಕೆಲಸಗಾರರ ಸುರಕ್ಷತೆಯ ಸಂಸ್ಥೆ ನಯೋಶ್ 1998ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಕ್ಯಾನ್ ಕೆಳಗಿಳಿಸಿ ನೆಲದ ಮೇಲಿಡಿ, ನಳಿಕೆ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಲಿ, ನಿಧಾನವಾಗಿ ತುಂಬಿಸಿ, ಮುಚ್ಚಳ ಬಿಗಿ ಮಾಡಿ ಆಮೇಲೆ ಬೆಡ್ ಮೇಲಿಟ್ಟು ಕಟ್ಟಿ.